ಕಾರಿನ ಡಿಕ್ಕಿಯಲ್ಲಿ ಸಿಡಿ ಚೇಂಜರ್: ಬಸ್ ಕೇಬಲ್ಲೋ, ಎಫ್‌ಎಂ ಮಾಡ್ಯುಲೇಟರೋ?

ಸಿಡಿ ಚೇಂಜರ್ ಎಂದರೆ ಹಲವು ಡಿಸ್ಕ್‌ಗಳನ್ನು ಮ್ಯಾಗಜಿನ್ ಎಂಬ ಗೂಡಿನಲ್ಲಿಟ್ಟು ಒಂದೊಂದಾಗಿ ಹಾಡಿಸುವ ಪೆಟ್ಟಿಗೆ. ಅದನ್ನು ಸ್ಟೀರಿಯೋಗೆ ಜೋಡಿಸಲು ಎರಡು ದಾರಿ: ನೇರವಾಗಿ ಬಸ್ ಕೇಬಲ್, ಇಲ್ಲವೇ ಹಾಡನ್ನು ಎಫ್‌ಎಂ ಸ್ಟೇಷನ್ನಿನಂತೆ ರೇಡಿಯೋಗೆ ಕೊಡುವ ಮಾಡ್ಯುಲೇಟರ್. ಬೆಂಗಳೂರಿನ ಕಾರ್ ಬಿಡಿಭಾಗಗಳ ಪೇಟೆ ಜೆ.ಸಿ. ರೋಡಿಗೆ ಹೋಗುವ ಮೊದಲು ಸ್ಟೀರಿಯೋ ಹೊರಗೆಳೆದು ಹಿಂಬದಿ ನೋಡಿ. ಚೇಂಜರ್ ಸಾಕೆಟ್ ಇದೆಯೋ ಇಲ್ಲವೋ ಎಂಬುದರ ಮೇಲೇ ಅರ್ಧ ತೀರ್ಮಾನ ನಿಂತಿದೆ. ಸಾಕೆಟ್ ಇದ್ದರೂ ಒಂದು ಕಂಪನಿಯ ಚೇಂಜರ್ ಇನ್ನೊಂದಕ್ಕೆ ಆಗುವುದಿಲ್ಲ, ಒಬ್ಬೊಬ್ಬರ ಜೋಡಣೆ ಪದ್ಧತಿ ಒಂದೊಂದು: ಪಯೋನಿಯರ್‌ನದು ಐಪಿ-ಬಸ್, ಸೋನಿಯದು ಯೂನಿಲಿಂಕ್, ಆಲ್ಪೈನ್‌ನದು ಎಐ-ನೆಟ್. ಪ್ಲಗ್ ಕೂತರೂ ಸಿಗ್ನಲ್ ಹೊಂದದಿದ್ದರೆ ಡಿಸ್ಕ್ ತಿರುಗುವುದೇ ಇಲ್ಲ.

ಮಾಡ್ಯುಲೇಟರ್‌ಗೆ ಈ ತಲೆನೋವಿಲ್ಲ. ಆಂಟೆನಾ ವೈರಿನ ನಡುವೆ ಸೇರಿಸಿದರೆ ಎಫ್‌ಎಂ ಇರುವ ಯಾವ ರೇಡಿಯೋದಲ್ಲೂ ಹಾಡುತ್ತದೆ. ಆದರೆ ಎಫ್‌ಎಂನಲ್ಲಿ ಸದ್ದಿನ ಏರುಸ್ವರ 15 ಕಿಲೋಹರ್ಟ್ಸ್‌ಗೇ ನಿಲ್ಲುತ್ತದೆ. ಅದೇ ಡಿಸ್ಕನ್ನು ಬಸ್ ಕೇಬಲ್‌ನಲ್ಲಿ ಹಾಕಿ ಕೇಳಿ, ತಾಳದ ಝೇಂಕಾರದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ 90.4ರಲ್ಲಿ ಸಮುದಾಯ ರೇಡಿಯೋ, 91.1ರಿಂದ ಮೇಲೆ ಖಾಸಗಿಯವರ ಸಾಲು, 101.3 ಮತ್ತು 102.9ರಲ್ಲಿ ಆಕಾಶವಾಣಿ. ಹಾಗಾಗಿ ಮಾಡ್ಯುಲೇಟರನ್ನು ಖಾಲಿಯಿರುವ 88ರ ಆಸುಪಾಸಿಗೆ ಹೊಂದಿಸಿ. ಆನ್ ಆದಾಗ ಹೊರಗಿನ ಆಂಟೆನಾವನ್ನು ಕಡಿತಗೊಳಿಸುವ ಮಾಡೆಲ್ಲೇ ಬೇಕು. ಇಲ್ಲದಿದ್ದರೆ ಹಾಡಿನೊಳಗೆ ಜಾಹೀರಾತೂ ನುಸುಳುತ್ತದೆ.

ಫಿಟ್ಟಿಂಗ್‌ನಲ್ಲಿ ಕೆಡುವುದು ಎರಡಕ್ಕೂ ಒಂದೇ ರೀತಿ. ಸಾಗಣೆಗೆಂದು ಚೇಂಜರ್‌ಗೆ ಹಾಕಿರುವ ಸ್ಕ್ರೂಗಳನ್ನು ಮೊದಲು ತೆಗೆಯಿರಿ. ಮಲಗಿಸಿದ್ದೋ ನಿಲ್ಲಿಸಿದ್ದೋ ಎಂಬುದಕ್ಕೆ ತಕ್ಕಂತೆ ಎರಡೂ ಪಕ್ಕದ ಸ್ಪ್ರಿಂಗ್ ಗುರುತನ್ನು ಒಂದೇ ಕೋನಕ್ಕೆ ತಿರುಗಿಸಿ. ಇದನ್ನು ಮರೆತರೆ ರಸ್ತೆಯ ಪ್ರತಿ ಹಂಪ್‌ಗೂ ಹಾಡು ಹಾರುತ್ತದೆ, ಬೈಗುಳ ಮಾತ್ರ ಡಿಸ್ಕಿಗೆ! ಹಳದಿ ವೈರ್ ಬ್ಯಾಟರಿಯಿಂದ ಸದಾ 12 ವೋಲ್ಟ್‌ಗೆ, ಬ್ಯಾಟರಿ ಹತ್ತಿರವೇ ಫ್ಯೂಸ್; ಕೆಂಪು ಕೀಲಿಯ ಲೈನಿಗೆ. ಹಳದಿಯನ್ನೂ ಕೀಲಿಗೇ ಕೊಟ್ಟರೆ ಎಲ್ಲಿ ನಿಂತಿತ್ತೆಂಬ ನೆನಪು ಹೋಗುತ್ತದೆ. ಅರ್ಥಿಂಗ್‌ನ ಕಪ್ಪು ವೈರಿಗೆ ಬಣ್ಣ ಕೆರೆದ ಬರಿಯ ಲೋಹವೇ ಬೇಕು. ಆಕ್ಸಿಲರೇಟರ್ ಒತ್ತಿದಷ್ಟೂ ಏರುವ ಕುಂಯ್ ಸದ್ದು ಬಂದರೆ ಅರ್ಥಿಂಗ್ ನೋಡಿ. ಪವರ್ ವೈರ್ ಒಂದು ಪಕ್ಕ, ಸಿಗ್ನಲ್ ಕೇಬಲ್ ಇನ್ನೊಂದು ಪಕ್ಕ ಎಳೆಯಿರಿ.

ಮನೆಯಲ್ಲಿ ಬರೆದ ಸಿಡಿ-ಆರ್‌ಗೆ ಕಾಗದದ ಲೇಬಲ್ ಅಂಟಿಸಬೇಡಿ, ಬಿಸಿಲಿಗೆ ಎದ್ದು ಮ್ಯಾಗಜಿನ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಅಳಿಸಿ ಮತ್ತೆ ಬರೆಯುವ ಸಿಡಿ-ಆರ್‌ಡಬ್ಲ್ಯು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಚೇಂಜರ್‌ಗಳಲ್ಲಿ ಬಹುತೇಕ ಓದುವುದಿಲ್ಲ.

ಸಾಕೆಟ್ ಇದ್ದು ಡಿಸ್ಕಿನ ಹಂಗಿಲ್ಲದವರಿಗೆ ಚೇಂಜರ್‌ನಂತೆ ನಟಿಸುವ ಯುಎಸ್‌ಬಿ ಪೆಟ್ಟಿಗೆ ಸಾಕು. ಪೆನ್‌ಡ್ರೈವನ್ನು ಎಫ್‌ಎಟಿ 32ಕ್ಕೆ ಫಾರ್ಮ್ಯಾಟ್ ಮಾಡಿ ಫೋಲ್ಡರ್‌ಗಳಲ್ಲಿ ಹಾಡು ತುಂಬಿದರೆ ಆಯಿತು, ಹಾಡಿನ ಹೆಸರು ಮಾತ್ರ ಪರದೆಯಲ್ಲಿ ಬರುವುದು ಅಪರೂಪ. ಡಿಸ್ಕೇ ಬೇಕೆನ್ನುವವರು ಅದೇ ಕಂಪನಿಯ ಹಳೆಯ ಚೇಂಜರನ್ನು ಮ್ಯಾಗಜಿನ್, ಬಸ್ ಕೇಬಲ್ ಸಮೇತ ಹುಡುಕಲಿ. ಮಾಡ್ಯುಲೇಟರ್ ಸಾಕೆಟ್ಟೇ ಇಲ್ಲದವರಿಗೆ.