ಕೀ ಇಸ್ಕೊಳ್ಳೋ ಮೊದಲು ಬಚ್ಚಲಿಗೆ ನಾಲ್ಕು ಚೊಂಬು ನೀರು ಹುಯ್ದು ನೋಡಿ

ಮೆಲ್ಬರ್ನ್‌ನ ಪಶ್ಚಿಮಕ್ಕೆ, ಟಾರ್ನೀಟ್ ಕಡೆ, ಮನೆ ಕಟ್ಟಿಸ್ತಾ ಇರೋ ನಮ್ಮವರು ಬೇಕಾದಷ್ಟು ಜನ ಇದ್ದೀರಿ. ಮನೆ ಮುಗಿಯೋ ಹೊತ್ತಿನ ಕೊನೆಯ ನಾಲ್ಕು ವಾರದಲ್ಲಿ ನಾನು ಮಾಡಿಕೊಂಡ ಎಡವಟ್ಟು ನಿಮಗೆ ಆಗದಿರಲಿ ಅಂತ ಬರೀತಿದ್ದೀನಿ. ಬಿಲ್ಡರ್ ಯಾರು ಅಂತ ಕೇಳಬೇಡಿ, ಹೇಳಲ್ಲ. ಅರ್ಧ ತಪ್ಪು ನನ್ನದೇ.

ಇಲ್ಲಿ ಕಟ್ಟಡದ ಕೆಲಸದವರು ಕ್ರಿಸ್‌ಮಸ್‌ಗೆ ಮುಂಚೆ ರಜೆ ಹೋದರೆ ಮತ್ತೆ ಸುತ್ತಿಗೆ ಹಿಡಿಯೋದು ಜನವರಿ ನಡುವಿಗೆ. ನಮಗೋ ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಹಿಡಿಯುತ್ತೆ, ಸಂಕ್ರಾಂತಿವರೆಗೆ ಗೃಹಪ್ರವೇಶದ ಮಾತಿಲ್ಲ. ಅವರ ರಜೆ, ನಮ್ಮ ಧನುರ್ಮಾಸ, ಹೆಚ್ಚುಕಡಿಮೆ ಒಂದರ ಮೇಲೊಂದು! ಹಾಗಾಗಿ ಸೈಟ್ ಸೂಪರ್‌ವೈಸರ್ ‘ಡಿಸೆಂಬರ್ ಮೊದಲ ವಾರ ಕೀ ಕೊಡ್ತೀನಿ’ ಅಂದಿದ್ದೇ ತಡ, ಧನುರ್ಮಾಸಕ್ಕೆ ನಾಲ್ಕು ದಿನ ಮುಂಚೆ ಮುಹೂರ್ತ ಇಡಿಸಿದೆ. ಅಮ್ಮನಿಗೆ ಟಿಕೆಟ್ ಮಾಡಿಸಿದೆ. ಬಾಡಿಗೆ ಮನೆಗೆ 28 ದಿನದ ನೋಟಿಸನ್ನೂ ಕೊಟ್ಟೆ. ಸಾಲದ್ದಕ್ಕೆ ಇದನ್ನೆಲ್ಲ ಖುಷಿಯಲ್ಲಿ ಸೂಪರ್‌ವೈಸರ್‌ಗೂ ಹೇಳಿದೆ. ಅವತ್ತಿಂದ ನನ್ನ ಜುಟ್ಟು ಅವನ ಕೈಲಿ.

ನವೆಂಬರ್ ಕೊನೆಗೆ ಇನ್‌ಸ್ಪೆಕ್ಷನ್‌ಗೆ ಕರೆದ. ಹೊರಗಿನ ಇನ್‌ಸ್ಪೆಕ್ಟರ್‌ನ ಕರ್ಕೊಂಡು ಹೋಗೋಣ ಅಂತ ಹೆಂಡತಿ ಬಡ್ಕೊಂಡಳು. ಆರುನೂರು ಡಾಲರ್ ಯಾಕೆ ದಂಡ ಅಂತ ನಾವಿಬ್ಬರೇ ಹೋದ್ವಿ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು, ಕೈಲಿ ನೀಲಿ ಟೇಪ್ ಹಿಡ್ಕೊಂಡು, ಬಣ್ಣ ಹಾರಿದ ಕಡೆ, ಗೀರು ಬಿದ್ದ ಕಡೆ, ಇಲ್ಲಿ ಸರಿ ಮಾಡಿ ಅಂತ ಅಂಟಿಸ್ತಾ ಎರಡು ಗಂಟೆ ಓಡಾಡಿದ್ವಿ. ಬಚ್ಚಲಲ್ಲಿ ಟೈಲ್ಸ್ ಫಳಫಳ ಹೊಳೀತಿತ್ತು. ನಲ್ಲಿ ಮಾತ್ರ ತಿರುಗಿಸಲಿಲ್ಲ.

ಡಿಸೆಂಬರ್ 5ಕ್ಕೆ ಆಕ್ಯುಪೆನ್ಸಿ ಪರ್ಮಿಟ್, ಅಂದ್ರೆ ಮನೇಲಿ ವಾಸ ಮಾಡಬಹುದು ಅನ್ನೋ ಕಾಗದ, ಬಂತು, ಅದರ ಬೆನ್ನಿಗೇ ಕೊನೆಯ ಬಿಲ್. ಹೋಗಿ ನೋಡಿದ್ರೆ ನೀಲಿ ಟೇಪು ಅರ್ಧಕ್ಕರ್ಧ ಹಾಗೇ ಇದೆ. ಫೋನ್ ಮಾಡಿದೆ. ‘ಉಳಿದದ್ದು ಮೆಂಟೆನೆನ್ಸ್‌ನವರು ಆಮೇಲೆ ಮಾಡ್ತಾರೆ. ಇವತ್ತು ದುಡ್ಡು ಬಂದ್ರೆ ಪೂಜೆಗೆ ಕೀ, ಇಲ್ಲಾಂದ್ರೆ ಜನವರಿ ಕೊನೆ’ ಅಂದ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಬಿಲ್ಡರ್‌ಗೆ ಕೊಡೋ ಕಂತುಗಳ ಲೆಕ್ಕ ಸಾಮಾನ್ಯವಾಗಿ ಹೀಗೆ: ಮುಂಗಡ ಶೇಕಡಾ 5, ತಳಪಾಯಕ್ಕೆ 10, ಫ್ರೇಮ್‌ಗೆ 15, ಲಾಕಪ್‌ಗೆ (ಹೊರಗೋಡೆ, ಸೂರು, ಹೊರಬಾಗಿಲು, ಕಿಟಕಿ ಕೂತಾಗ) 35, ಫಿಕ್ಸಿಂಗ್‌ಗೆ (ಒಳಬಾಗಿಲು, ಕಪಾಟು, ಸಿಂಕು ಎಲ್ಲ ಕೂತಾಗ) 25, ಕೊನೆಗೆ 10. ಆ ಕೊನೆಯ ಹತ್ತು ನಮ್ಮ ಹತ್ತಿರ ಇರೋವರೆಗೆ ಮಾತ್ರ ಅವರು ನಮ್ಮ ಫೋನ್ ಎತ್ತೋದು. ಒಪ್ಪಂದದ ನಕ್ಷೆ ಪ್ರಕಾರ ಕೆಲಸ ಮುಗಿದಿರಬೇಕು, ಪರ್ಮಿಟ್ ಪ್ರತಿಯೂ ನಮ್ಮ ಕೈಗೆ ಬಂದಿರಬೇಕು. ಎರಡೂ ಆಗೋವರೆಗೆ ಬಿಲ್ಡರ್ ಅದನ್ನ ಕೇಳೋ ಹಾಗೇ ಇಲ್ಲ. ಇದು ಇಲ್ಲಿನ ಕಾನೂನು, ನಾನು ಓದಿದ್ದು ಫೆಬ್ರವರಿಯಲ್ಲಿ. ಅವತ್ತು ಬ್ಯಾಂಕಿಗೆ ಸೈನ್ ಹಾಕಿ ಕಳಿಸಿಬಿಟ್ಟೆ.

ಗೃಹಪ್ರವೇಶ ಏನೋ ಆಯ್ತು. ನಮ್ಮ ಬಡಾವಣೆಗೆ ಗ್ಯಾಸ್ ಇಲ್ಲ, ಇಂಡಕ್ಷನ್ ಒಲೆ. ಅಮ್ಮ ಊರಿಂದ ಹೊತ್ತು ತಂದ ಹಿತ್ತಾಳೆ ಪಾತ್ರೆ ಅದರ ಮೇಲೆ ಬಿಸಿಯೇ ಆಗಲಿಲ್ಲ. ಕೊನೆಗೆ ಕುಕ್ಕರಲ್ಲಿ ಹಾಲು ಉಕ್ಕಿಸಿದ್ವಿ. ಗಣಹೋಮದ ಹೊಗೆಗೆ ಸ್ಮೋಕ್ ಅಲಾರಂ ಪುರೋಹಿತರಿಗಿಂತ ಜೋರಾಗಿ ಕೂಗ್ತು.

ಮಾರನೇ ಬೆಳಿಗ್ಗೆ ಅಮ್ಮ ಬಕೆಟ್ಟು, ಚೊಂಬು ಇಟ್ಕೊಂಡು ಸ್ನಾನಕ್ಕೆ ಕೂತರು. ಐದೇ ನಿಮಿಷಕ್ಕೆ ಕೂಗಿದ್ರು, ‘ಇದೇನೋ, ನೀರೆಲ್ಲ ಬಾಗಿಲ ಕಡೆಗೆ ಹೋಗ್ತಿದೆ!’ ಹೋಗಿ ನೋಡಿದ್ರೆ ಶವರ್ ಗಾಜಿನ ಕೆಳಗಿಂದ ನೀರು ಹರಿದು ಬಂದು ಬೆಡ್‌ರೂಮ್ ಕಾರ್ಪೆಟ್ ಒಂದು ಮೊಳದಷ್ಟು ನೆಂದಿತ್ತು. ಶವರ್ ನೆಲ ಮೋರಿ ಕಡೆಗೆ 80 ಸೆಂಟಿಮೀಟರಿಗೆ ಕಡೇಪಕ್ಷ 1 ಸೆಂಟಿಮೀಟರ್ ಇಳಿದಿರಬೇಕು. ನಮ್ಮದು ಉಲ್ಟಾ ಇಳಿದಿತ್ತು.

ಮೆಂಟೆನೆನ್ಸ್‌ಗೆ ಫೋನ್ ಮಾಡಿದ್ರೆ ರಜೆಯ ರೆಕಾರ್ಡಿಂಗ್. ಜನವರಿ ಕೊನೆಗೆ ಸಿಕ್ಕವನು ‘ಆಕ್ಯುಪೆನ್ಸಿ ಪರ್ಮಿಟ್ ಬಂದಿದೆಯಲ್ಲ, ಎಲ್ಲಾ ಸರಿ ಇದೆ ಅಂತ ತಾನೇ ಅರ್ಥ’ ಅಂದ. ಅಲ್ಲ. ಆ ಕಾಗದ ಹೇಳೋದು ಮನೆ ವಾಸಕ್ಕೆ ಯೋಗ್ಯ ಅಂತ ಅಷ್ಟೇ. ಕೆಲಸವೆಲ್ಲ ನಿಯಮದ ಪ್ರಕಾರ ಆಗಿದೆ ಅನ್ನೋದಕ್ಕೆ ಅದು ಸಾಕ್ಷಿಯಲ್ಲ ಅಂತ ಕಾನೂನಲ್ಲೇ ಬರೆದಿದೆ. ಫೋಟೋ, ವಿಡಿಯೋ, ಈಮೇಲ್ ಅಂತ ತಿಂಗಳುಗಟ್ಟಲೆ ಜಗ್ಗಾಡಿದ ಮೇಲೆ ಏಪ್ರಿಲ್‌ನಲ್ಲಿ ಟೈಲ್ಸ್ ಕಿತ್ತು, ವಾಟರ್‌ಪ್ರೂಫಿಂಗ್ ಮತ್ತೆ ಬಳಿದು, ಹೊಸದಾಗಿ ಹಾಕಿದ್ರು.

ನೀವು ಇನ್‌ಸ್ಪೆಕ್ಷನ್‌ಗೆ ಹೋಗುವಾಗ ಆ ಆರುನೂರು ಡಾಲರ್ ಖರ್ಚು ಮಾಡಿ, ಜೊತೆಗೊಂದು ಚೊಂಬು ತಗೊಂಡು ಹೋಗಿ. ಮುಹೂರ್ತ, ಟಿಕೆಟ್, ನೋಟಿಸ್ ಮೂರೂ ಟೇಪೆಲ್ಲ ಹೋದ ಮೇಲೆ. ದಿನಾಂಕ ಯಾವುದು ಅಂತ ಸೂಪರ್‌ವೈಸರ್ ಎಷ್ಟು ಪ್ರೀತಿಯಿಂದ ಕೇಳಿದ್ರೂ ಬಾಯಿ ಬಿಡಬೇಡಿ.

ಅಮ್ಮ ಮಾರ್ಚಲ್ಲೇ ವಾಪಸ್ ಹೋದರು. ಇದ್ದಷ್ಟು ದಿನ ಬಚ್ಚಲ ಬಾಗಿಲಿಗೆ ಹಳೇ ಸೀರೆ ಸುತ್ತಿ ಅಡ್ಡ ಇಟ್ಟುಕೊಂಡೇ ಸ್ನಾನ ಮಾಡಿದ್ದು.