ಆರು ವರ್ಷ ಆಡಿದ ಮೇಲೆ: ವಾರ್ ಇನ್ ದ ಪೆಸಿಫಿಕ್, ಅಡ್ಮಿರಲ್ಸ್ ಎಡಿಷನ್

ಈ ಗೇಮ್ ಕೊಂಡ ಹೊಸತರಲ್ಲಿ ನನ್ನ ಹೆಂಡತಿ ಸ್ಕ್ರೀನ್ ಇಣುಕಿ ನೋಡಿ, "ಇದೇನ್ರೀ, ಟ್ಯಾಲಿನಾ?" ಎಂದಿದ್ದಳು. ಅವಳ ತಪ್ಪೇನಿಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕ, ಜಪಾನ್ ನಡುವೆ ನಡೆದ ಯುದ್ಧದ ಕಂಪ್ಯೂಟರ್ ಗೇಮ್ ಇದು, 2009ರಲ್ಲಿ ಬಂದದ್ದು. ಎಲ್ಲಿ ನೋಡಿದರೂ ಅಂಕಿ, ಪಟ್ಟಿ, ಇರುವೆಯಂಥ ಅಕ್ಷರ. ಕೈಪಿಡಿಯೇ ನೂರಾರು ಪುಟ ಇದೆ. ಮೊದಲ ಟರ್ನ್ ಮುಗಿಸೋಕೆ ನನಗೆ ಎರಡು ವೀಕೆಂಡ್ ಹಿಡಿಯಿತು.

ದೊಡ್ಡ ಕ್ಯಾಂಪೇನ್ 1941ರ ಡಿಸೆಂಬರ್ 7ಕ್ಕೆ ಶುರುವಾಗುತ್ತದೆ, 1946ರವರೆಗೂ ಎಳೆಯಬಹುದು. ಒಂದು ಟರ್ನ್ ಅಂದರೆ ಒಂದು ದಿನ. ನಾನು ಅಮೆರಿಕದ ಕಡೆ, ನನ್ನ ಕಾಲೇಜು ಗೆಳೆಯ ಜಪಾನ್ ಕಡೆ. ಫೈಲನ್ನು ಮೇಲ್ ಮಾಡಿಕೊಂಡು ಆಡುತ್ತೇವೆ. ವಾರಕ್ಕೆ ಎರಡು ಟರ್ನ್ ಆದರೆ ಹಬ್ಬ. ಆರು ವರ್ಷಕ್ಕೆ 1943ರ ಮೇ ತಿಂಗಳಿಗೆ ಬಂದು ನಿಂತಿದ್ದೇವೆ. ಕಂಪ್ಯೂಟರ್ ವಿರುದ್ಧವೂ ಆಡಬಹುದು, ಆದರೆ ಸಪ್ಪೆ.

ಇಷ್ಟು ದಿನ ನನ್ನನ್ನು ಹಿಡಿದಿಟ್ಟಿರುವುದು ಒಂದೇ ಪ್ರಶ್ನೆ. ಮೀಸಲಿಟ್ಟ ಹಡಗುಗಳನ್ನು ಯಾವಾಗ ಬಿಡೋದು?

ಮೊದಲ ಸಲ ಬೇಗ ಬಿಟ್ಟೆ. ಗೇಮಿನಲ್ಲಿ ಆಗ 1942ರ ಫೆಬ್ರವರಿ. ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿ ಕಡೆ ಜಪಾನಿನ ಸೈನ್ಯ ಇಳಿಯುತ್ತಿದೆ ಎಂದು ವರದಿ ಬಂತು. ನನ್ನ ಹತ್ತಿರ ಇದ್ದದ್ದು ಮೂರು ಕ್ಯಾರಿಯರ್, ಅಂದರೆ ವಿಮಾನ ಹೊರುವ ಹಡಗು. ಮೂರನ್ನೂ ಕಳಿಸಿದೆ. ಸಾಲದ್ದಕ್ಕೆ 'ರಿಯಾಕ್ಷನ್' ಅನ್ನೋ ಅಂಕಿಯನ್ನು 6ರಲ್ಲೇ ಬಿಟ್ಟಿದ್ದೆ. ಅಂದರೆ ಶತ್ರು ಕಂಡರೆ ಪಡೆ ನನ್ನನ್ನು ಕೇಳದೆ ನಕ್ಷೆಯಲ್ಲಿ ಆರು ಮನೆ ಮುಂದೆ ಓಡಬಹುದು. ಒಂದು ಮನೆ 40 ನಾಟಿಕಲ್ ಮೈಲಿ, ಆರಕ್ಕೆ 240. ಪಡೆಯ ಮೇಲೆ ಕೂರಿಸಿದ್ದು ಅಮೆರಿಕದ ಅಡ್ಮಿರಲ್ ಹಾಲ್ಸಿಯನ್ನು, ಗೇಮಿನಲ್ಲಿ ಮುನ್ನುಗ್ಗುವ ಗುಣಕ್ಕೆ ಹೆಚ್ಚು ಅಂಕ ಇರೋ ಆಸಾಮಿ. ಓಡಿಯೇಬಿಟ್ಟ. ಆ ಕಡೆ ಆರು ಕ್ಯಾರಿಯರ್ ಕಾಯುತ್ತಿದ್ದವು. ಲೆಕ್ಸಿಂಗ್ಟನ್, ಎಂಟರ್‌ಪ್ರೈಸ್ ಎರಡೂ ಹೋದವು. ಆ ರಾತ್ರಿ ಊಟ ಸೇರಲಿಲ್ಲ. ಸೈನ್ಯ ಇಳಿದದ್ದು ಬರೀ ನೆಪ, ನಿನ್ನ ಕ್ಯಾರಿಯರ್ ಬರಲಿ ಅಂತಲೇ ಮಾಡಿದ್ದು ಎಂದು ಗೆಳೆಯ ಆಮೇಲೆ ಹೇಳಿದ.

ಎರಡನೇ ಸಲ ಜಿಪುಣನಾದೆ. ಸೊಲೊಮನ್ ದ್ವೀಪಗಳಲ್ಲಿರುವ ಗ್ವಾಡಲ್‌ಕನಾಲ್‌ನ ಲುಂಗಾ ವಿಮಾನ ನಿಲ್ದಾಣ ನನ್ನ ಕೈಯಲ್ಲಿತ್ತು. ಅವನ ಯುದ್ಧನೌಕೆಗಳು ರಾತ್ರಿ ಬಂದು ಗುಂಡು ಸುರಿದು ಹೋಗುತ್ತಿದ್ದವು. ಬೆಳಗ್ಗೆ ಎದ್ದರೆ ನನ್ನ ವಿಮಾನಗಳು ಚಿಂದಿ. ನಿಜವಾದ ಯುದ್ಧದಲ್ಲೂ ಹೀಗೇ ಆಯಿತು. 1942ರ ಅಕ್ಟೋಬರ್ 13ರ ರಾತ್ರಿ ಜಪಾನಿನ ಯುದ್ಧನೌಕೆಗಳಾದ ಕೊಂಗೊ ಮತ್ತು ಹರುನ ಅಲ್ಲಿ 900ಕ್ಕೂ ಹೆಚ್ಚು ದೊಡ್ಡ ಗುಂಡು ಹಾರಿಸಿದ್ದವು. ಗೇಮಿನಲ್ಲಿ ನನ್ನ ಯುದ್ಧನೌಕೆಗಳಾದ ವಾಷಿಂಗ್ಟನ್ ಮತ್ತು ನಾರ್ತ್ ಕ್ಯಾರೊಲೈನಾ ಮಾತ್ರ ದಕ್ಷಿಣದ ನೂಮಿಯಾ ಬಂದರಿನಲ್ಲಿ ಹೊಳೆಯುತ್ತಾ ನಿಂತಿದ್ದವು. "ಇನ್ನೂ ದೊಡ್ಡ ಕಷ್ಟ ಬಂದಾಗ ಬೇಕಾಗುತ್ತೆ" ಎಂದು ಇಟ್ಟುಕೊಂಡಿದ್ದೆ. ಕೊನೆಗೆ ಕಳಿಸಿದಾಗ ತಲುಪಲು ಎರಡು ದಿನ ಬೇಕಾಯಿತು. ನೂಮಿಯಾದಿಂದ ಲುಂಗಾಕ್ಕೆ ಇಪ್ಪತ್ತು ಮನೆಗೂ ಜಾಸ್ತಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಆಮೇಲೆ ಅವೆರಡನ್ನೂ ಇನ್ನೂ ಹತ್ತಿರದ ಲುಗನ್‌ವಿಲ್ ಬಂದರಿಗೆ ತಂದಿಟ್ಟೆ. ಅಲ್ಲಿಂದಾದರೆ ಹದಿನಾಲ್ಕು ಮನೆ, ಒಂದು ದಿನದ ಮೇಲೆ ಸ್ವಲ್ಪ. ಆಮೇಲೆ ಕ್ಯಾಲೆಂಡರ್ ಹಿಡಿದು ಕೂತೆ. ಅವನ ಹಡಗುಗಳು ಗುಂಡು ಖಾಲಿ ಮಾಡಿ, ಜಪಾನಿನ ನೌಕಾನೆಲೆ ಟ್ರುಕ್‌ಗೆ ಹೋಗಿ ತುಂಬಿಸಿಕೊಂಡು ಬರಬೇಕು. ಹಾಗಾಗಿ ಆರೋ ಏಳೋ ದಿನಕ್ಕೊಮ್ಮೆ ಬರುತ್ತಿದ್ದ. ಆದರೂ ತಕ್ಷಣ ಬಿಡಲಿಲ್ಲ. ಅವನ ಕ್ಯಾರಿಯರ್ ಎಲ್ಲಿವೆ ಎಂದು ಗೊತ್ತಾಗಬೇಕಿತ್ತು. ಎರಡು ಸುತ್ತು ಪೆಟ್ಟು ತಿಂದು ಸುಮ್ನೆ ಕೂತೆ. ಮೂರನೇ ಸಲ ನನ್ನ ಕ್ಯಾಟಲಿನಾ ಎಂಬ ಗಸ್ತು ವಿಮಾನಕ್ಕೆ ಅವು ಟ್ರುಕ್ ಹತ್ತಿರ ಕಂಡವು. ಲುಂಗಾದಿಂದ ಅದು ತುಂಬಾ ದೂರ. ಆಗ ಬಿಟ್ಟೆ, ಜೊತೆಗೆ ಕೈಗೆ ಸಿಕ್ಕ ನಾಲ್ಕು ಡೆಸ್ಟ್ರಾಯರ್, ಅಂದರೆ ಕಾವಲಿನ ಸಣ್ಣ ಯುದ್ಧಹಡಗು.

ರೀಪ್ಲೇಯನ್ನು ನಿಂತುಕೊಂಡೇ ನೋಡಿದೆ. ಮೊದಲ ಎರಡು ನಿಮಿಷದಲ್ಲಿ ಮೂರು ಡೆಸ್ಟ್ರಾಯರ್ ಮುಳುಗಿದವು. ನಾರ್ತ್ ಕ್ಯಾರೊಲೈನಾಗೆ ಬೆಂಕಿ. ಆಮೇಲೆ ವಾಷಿಂಗ್ಟನ್ನಿನ ಗುಂಡುಗಳು ಹರುನಕ್ಕೆ ಒಂದರ ಹಿಂದೆ ಒಂದು ತಗಲಿದವು. ಮರುದಿನ ಅದು ಪಟ್ಟಿಯಲ್ಲಿ ಇರಲಿಲ್ಲ. ನಾರ್ತ್ ಕ್ಯಾರೊಲೈನಾ ಮೂರು ತಿಂಗಳು ಪರ್ಲ್ ಹಾರ್ಬರ್‌ನಲ್ಲಿ ರಿಪೇರಿ. ಲುಂಗಾ ಉಳಿಯಿತು.

ಇತಿಹಾಸದಲ್ಲಿ ಹಾಲ್ಸಿ ಹೆಚ್ಚು ಕಮ್ಮಿ ಇದನ್ನೇ ಮಾಡಿದ್ದ. 1942ರ ನವೆಂಬರ್ 14ರ ರಾತ್ರಿ, ಎಂಟರ್‌ಪ್ರೈಸ್‌ಗೆ ಕಾವಲಿದ್ದ ಯುದ್ಧನೌಕೆಗಳಾದ ವಾಷಿಂಗ್ಟನ್ ಮತ್ತು ಸೌತ್ ಡಕೋಟಾವನ್ನು ಕಿತ್ತು ಗ್ವಾಡಲ್‌ಕನಾಲ್ ಬಳಿಯ ಇಕ್ಕಟ್ಟು ನೀರಿಗೆ ಕಳಿಸಿದ. ಜೊತೆಗಿದ್ದ ನಾಲ್ಕು ಡೆಸ್ಟ್ರಾಯರ್‌ಗಳನ್ನು ಆರಿಸಿದ್ದು ಟ್ಯಾಂಕಲ್ಲಿ ಎಣ್ಣೆ ಜಾಸ್ತಿ ಇದೆ ಅನ್ನೋ ಕಾರಣಕ್ಕೆ. ಸೌತ್ ಡಕೋಟಾದಲ್ಲಿ ಕರೆಂಟೇ ಹೋಯಿತು. ವಾಷಿಂಗ್ಟನ್ ರೇಡಾರ್ ಹಿಡಿದು ಜಪಾನಿನ ಯುದ್ಧನೌಕೆ ಕಿರಿಶಿಮಾವನ್ನು ಮುಗಿಸಿತು. ಅದೇ ಹೊತ್ತಲ್ಲಿ ಜಪಾನಿನ ಯಮಾಟೊ ಟ್ರುಕ್‌ನಲ್ಲಿ ಲಂಗರು ಹಾಕಿ ಕೂತಿತ್ತು. ಜಗತ್ತಿನ ಅತಿ ದೊಡ್ಡ ಯುದ್ಧನೌಕೆ, ಬರಲೇ ಇಲ್ಲ. ಎರಡು ವರ್ಷದ ನಂತರ ಫಿಲಿಪೀನ್ಸ್‌ನ ಲೇಟೆಯಲ್ಲಿ ಇದೇ ಹಾಲ್ಸಿ, ಜಪಾನಿನ ಅಡ್ಮಿರಲ್ ಒಝಾವಾ ಆಮಿಷಕ್ಕೆ ತೋರಿಸಿದ ಖಾಲಿ ಕ್ಯಾರಿಯರ್‌ಗಳ ಹಿಂದೆ ಇಡೀ ಪಡೆ ಕಟ್ಟಿಕೊಂಡು ಹೋದ. ಸ್ಯಾನ್ ಬರ್ನಾರ್ಡಿನೊ ಜಲಸಂಧಿ ಕಾಯಲು ಒಂದು ಹಡಗೂ ಉಳಿಯಲಿಲ್ಲ. ಗೇಮ್ ಅವನಿಗೆ ಕೊಟ್ಟಿರೋ ಅಂಕ ಸರಿಯಾಗಿಯೇ ಇದೆ, ಅಲ್ವಾ?

ಕೊಳ್ಳಬೇಕಾ ಅಂತ ಕೇಳಿದರೆ, ದಿನಕ್ಕೆ ಒಂದು ಗಂಟೆಯೂ, ಜಗಳವಾಡದ ಒಬ್ಬ ಗೆಳೆಯನೂ ಇದ್ದರೆ ಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಕಣ್ಣು ನೋಯುತ್ತದೆ, ದೊಡ್ಡ ಮಾನಿಟರ್ ಬೇಕು. ರಿಯಾಕ್ಷನ್ ಅಂಕಿಯನ್ನು ಪ್ರತಿ ಟರ್ನ್ ನೋಡಿ, ನಾನು ಈಗಲೂ ಎರಡೆರಡು ಸಲ ನೋಡುತ್ತೇನೆ. ನಾಲ್ಕು ಸ್ಟಾರ್.

ನಿನ್ನೆ ರಾತ್ರಿ ಗೆಳೆಯನ ಫೈಲ್ ಬಂದಿದೆ. ಅವನ ಯಮಾಟೊ ಇನ್ನೂ ಎಲ್ಲೂ ಕಂಡಿಲ್ಲ.