ಪಂಪ್ ನಿಂತ ಮೇಲೆ ಏರಿದ ಪ್ರೆಶರ್: ಯುಎಸ್‌ಬಿ ಡಾಕ್ ಜೊತೆ ನಾಲ್ಕು ವರ್ಷ

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಮ್ಮದೊಂದು ಸಣ್ಣ ವಾಲ್ವ್ ಶಾಪು. ವಾಲ್ವಿಗೆ ನೀರು ತುಂಬಿ, ಪ್ರೆಶರ್ ಏರಿಸಿ, ಸೋರುತ್ತದೋ ಇಲ್ಲವೋ ನೋಡುವ ಟೆಸ್ಟ್ ಬೆಂಚ್‌ಗೆ ನಾಲ್ಕು ವರ್ಷದ ಹಿಂದೆ ಒಂದು ಯುಎಸ್‌ಬಿ ಡಾಕ್ (DAQ) ಡಬ್ಬಿ ತಂದೆ. ಸೆನ್ಸರ್ ಕೊಡುವ ವೋಲ್ಟೇಜನ್ನು ಅಳೆದು ಲ್ಯಾಪ್‌ಟಾಪಿಗೆ ಅಂಕಿಯಾಗಿ ಕಳಿಸುವ ಡಬ್ಬಿ ಅದು. 8 ಅನಲಾಗ್ ಇನ್‌ಪುಟ್, 12 ಬಿಟ್, ±10 ವೋಲ್ಟ್. ಬೇರೆ ಅಡಾಪ್ಟರ್ ಬೇಡ, ಲ್ಯಾಪ್‌ಟಾಪಿಗೆ ಚುಚ್ಚಿದರೆ ಮುಗಿಯಿತು, ಪವರ್ರೂ ಅದೇ ಕೇಬಲ್ಲಿನಲ್ಲಿ ಬರುತ್ತದೆ. ಅದಕ್ಕೇ ಮರುಳಾದೆ. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಮುಂದೆ ಹೇಳುವ ತಾಪತ್ರಯದಲ್ಲಿ ತಪ್ಪು ಬಹುಪಾಲು ನನ್ನದೇ.

ಪಿಎನ್ 16, ಅಂದರೆ 16 ಬಾರ್ ಪ್ರೆಶರಿನ ವಾಲ್ವಿನ ಬಾಡಿ ಟೆಸ್ಟ್ ಅಂದರೆ ಒಂದೂವರೆ ಪಟ್ಟು, 24 ಬಾರ್. ಪ್ರೆಶರ್ ಸೆನ್ಸರ್ 0ಯಿಂದ 40 ಬಾರ್‌ಗೆ 0.5ರಿಂದ 4.5 ವೋಲ್ಟ್ ಕೊಡುವಂಥದ್ದು. ಅದಕ್ಕೆ ಬೇಕಾದ 5 ವೋಲ್ಟನ್ನು ಡಬ್ಬಿಯ ಟರ್ಮಿನಲ್‌ನಿಂದಲೇ ಎಳೆದೆ. ಪಂಪಿನ ಕಾಂಟ್ಯಾಕ್ಟರ್ (ದೊಡ್ಡ ಸ್ವಿಚ್), ನೀರಿನ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್), ದೀಪ ಎಲ್ಲ ಆನ್ ಮಾಡುವ ನಾಲ್ಕು ರಿಲೇಗಳ, ಅಂದರೆ ಕಾಯಿಲ್‌ನಿಂದ ಓಡುವ ಸಣ್ಣ ಸ್ವಿಚ್‌ಗಳ, ಬೋರ್ಡನ್ನೂ ಅಲ್ಲಿಗೇ ಕಟ್ಟಿದೆ.

ಮೊದಲ ವಾರವೇ ಬೆಂಚಿನ ಹುಡುಗ ಬಂದ: “ಸರ, ಪಂಪ್ ಬಂದ್ ಆದಮ್ಯಾಲೆ ಪ್ರೆಶರ್ ಏರಾಕತ್ತೈತ್ರಿ!” ನೋಡಿದರೆ ನಿಜ. ಸ್ಕ್ರೀನ್ 24 ತೋರಿಸಿದಾಗ ಪಂಪ್ ನಿಲ್ಲುತ್ತದೆ, ರಿಲೇಗಳು ಟಕ್ ಎಂದು ಬಿಡುತ್ತವೆ, ಮರುಕ್ಷಣ ಸ್ಕ್ರೀನ್ ಮೇಲೆ 26.5. ಪಕ್ಕದಲ್ಲಿದ್ದ ಹಳೇ ಡಯಲ್ ಗೇಜ್ ಮಾತ್ರ ಮೊದಲಿನಿಂದಲೂ 26.5ರಲ್ಲೇ ಕೂತಿತ್ತು. “ಕಾಕಾ, ಗೇಜ್ ಹಳೇದಾತು, ಬದಲಿ ಮಾಡೋಣು” ಅಂದೆ. ನಮ್ಮ ಫಿಟ್ಟರ್ ಕಾಕಾ ತಲೆ ಎತ್ತಲೇ ಇಲ್ಲ: “ಆ ಮುಳ್ಳು ಸುಳ್ಳ ಹೇಳಂಗಿಲ್ಲ. ನಿಮ್ಮ ಡಬ್ಬಿ ನೋಡ್ರಿ ಮೊದಲ.”

ಎರಡು ದಿನ ಪೈಪಿನ ಗಾಳಿ, ನೀರಿನ ಬಿಸಿ ಎಂದು ಏನೇನೋ ಊಹಿಸಿ, ಕೊನೆಗೆ ಮಲ್ಟಿಮೀಟರ್ ಹಿಡಿದೆ. ರಿಲೇ ಆಫ್ ಇದ್ದಾಗ ಸೆನ್ಸರ್‌ಗೆ ಸರಿಯಾಗಿ 5 ವೋಲ್ಟ್. ನಾಲ್ಕೂ ಆನ್ ಆದರೆ 4.6. ಈ ಜಾತಿಯ ಸೆನ್ಸರ್ ತನಗೆ ಸಿಕ್ಕ ವೋಲ್ಟೇಜಿನ ಪಾಲನ್ನಷ್ಟೇ ವಾಪಸ್ ಕೊಡುತ್ತದೆ. ಅದಕ್ಕೆ ಸಿಗುವುದು ನೂರಕ್ಕೆ 8ರಷ್ಟು ಇಳಿದರೆ ಅದು ಕೊಡುವುದೂ ಅಷ್ಟೇ ಇಳಿಯುತ್ತದೆ. ಡಬ್ಬಿಗೆ ಒಳಗೇ ಸ್ವಂತ ರೆಫರೆನ್ಸ್, ಅಂದರೆ ಹೋಲಿಸಿ ಅಳೆಯಲು ಕದಲದ ವೋಲ್ಟೇಜ್, ಇದೆ, ಬಂದ ವೋಲ್ಟನ್ನು ಅದು ಸರಿಯಾಗಿಯೇ ಅಳೆಯಿತು. 26.5 ಬಾರ್‌ಗೆ 3.15 ವೋಲ್ಟ್ ಬರಬೇಕಾದಲ್ಲಿ 2.9 ಬಂತು, ಸಾಫ್ಟ್‌ವೇರ್ 24 ಎಂದು ಓದಿತು. ಸೊನ್ನೆಯನ್ನು ರಿಲೇ ಆಫ್ ಇದ್ದಾಗ ಹೊಂದಿಸಿದ್ದರಿಂದ ಅಲ್ಲೂ ಸುಳಿವು ಸಿಗಲಿಲ್ಲ. ಅಷ್ಟೂ ದಿನ ವಾಲ್ವ್‌ಗಳಿಗೆ ಎರಡೂವರೆ ಬಾರ್ ಹೆಚ್ಚಿಗೇ ಹೊಡೆದಿದ್ದೇವೆ. ಕಡಿಮೆ ಹೊಡೆದಿದ್ದರೆ ಗಿರಾಕಿಗೆ ಮುಖ ತೋರಿಸುವ ಹಾಗಿರಲಿಲ್ಲ.

0.4 ವೋಲ್ಟ್ ಹೋಗಿದ್ದೆಲ್ಲಿ? ಒಂದೊಂದು ರಿಲೇ ಕಾಯಿಲ್ ಸುಮಾರು 70 ಮಿಲಿಆಂಪ್ ಎಳೆಯುತ್ತದೆ, ನಾಲ್ಕಕ್ಕೆ 280. ಆ ಟರ್ಮಿನಲ್‌ನಿಂದ 200ಕ್ಕಿಂತ ಹೆಚ್ಚು ಎಳೆಯಬೇಡಿ ಎಂದು ಡಬ್ಬಿಯ ಜೊತೆ ಬಂದ ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇತ್ತು, ಓದಿದ್ದು ಆಮೇಲೆ. ಡಬ್ಬಿಯದೇ ಖರ್ಚು ಸೇರಿಸಿದರೆ 400ರ ಹತ್ತಿರ. ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪ್, ಲೆಕ್ಕದ ಪ್ರಕಾರ ಒಳಗೇ ಇದ್ದೆ. ಆದರೆ ನನ್ನ ಕೇಬಲ್ 2 ಮೀಟರ್, ಒಳಗಿನ ಪವರ್ ತಂತಿ 28 ಗೇಜಿನ (AWG, ಅಂಕಿ ದೊಡ್ಡದಾದಷ್ಟೂ ತಂತಿ ತೆಳು) ಕೂದಲೆಳೆ. ಅದರ ರೋಧ ಮೀಟರಿಗೆ ಸುಮಾರು 0.21 ಓಮ್, ಹೋಗಿ ಬರುವ 4 ಮೀಟರಿಗೆ 0.85. ರಿಲೇಗಳ 280 ಮಿಲಿಆಂಪಿಗೆ ಅಲ್ಲೇ 0.24 ವೋಲ್ಟ್ ಹೋಯಿತು, ಉಳಿದದ್ದು ಪೋರ್ಟು ಮತ್ತು ಕನೆಕ್ಟರ್‌ಗಳ ಪಾಲು. ಕೇಬಲ್ ಕೊಳ್ಳುವಾಗ ಮೈಮೇಲೆ ಅಚ್ಚಾದ ಗೇಜ್ ಓದಿ. ಪವರ್ ತಂತಿ 24 ಇದ್ದರೆ ನಷ್ಟ ಅರ್ಧಕ್ಕಿಂತ ಕಡಿಮೆ.

ಈಗ ರಿಲೇಗಳಿಗೆ ಬೇರೆಯೇ 5 ವೋಲ್ಟ್ ಸಪ್ಲೈ ಇದೆ. ಸೆನ್ಸರ್‌ಗೆ ಹೋಗುವ ವೋಲ್ಟೇಜನ್ನೂ ಒಂದು ಚಾನಲ್‌ನಲ್ಲಿ ಅಳೆದು, ಸೆನ್ಸರ್ ಕೊಟ್ಟದ್ದನ್ನು ಅದರಿಂದ ಭಾಗಿಸುತ್ತೇನೆ. ಬಿಟ್ಟಿ ಉಪಾಯ, ಒಂದು ಸಾಲಿನ ಕೋಡ್. ಎರಡನೇ ಬೆಂಚಿಗೆ ಪ್ರೆಶರನ್ನು ವೋಲ್ಟಿನ ಬದಲು ಕರೆಂಟಾಗಿ ಕಳಿಸುವ 24 ವೋಲ್ಟಿನ 4–20 ಮಿಲಿಆಂಪ್ ಟ್ರಾನ್ಸ್‌ಮಿಟರ್ ಹಾಕಿ, 250 ಓಮ್ ರೆಸಿಸ್ಟರ್ ಮೇಲೆ 1ರಿಂದ 5 ವೋಲ್ಟ್ ತೆಗೆದುಕೊಂಡೆ. ಖರ್ಚು ಜಾಸ್ತಿ, ಆದರೆ ಆಮೇಲೆ ಅದರ ತಂಟೆಗೆ ಹೋಗಿಲ್ಲ.

ಇನ್ನೊಂದು ಸಲ ಹುಡುಗ ಮೌಸು, ಬಾರ್‌ಕೋಡ್ ಸ್ಕ್ಯಾನರ್, ಡಾಕ್ ಮೂರನ್ನೂ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್ಬಿಗೆ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಚುಚ್ಚಿದ. ಅಂಥ ಹಬ್ಬಿನಲ್ಲಿ ಒಂದು ಪೋರ್ಟಿಗೆ ಸಿಗುವ ಹಕ್ಕು 100 ಮಿಲಿಆಂಪ್ ಮಾತ್ರ. ಟೆಸ್ಟ್ ನಡುವೆಯೇ ಡಬ್ಬಿ ಮಾಯವಾಯಿತು. ಹಬ್ ಬೇಕೇ ಬೇಕಾದರೆ ಸ್ವಂತ ಅಡಾಪ್ಟರ್ ಇರುವುದನ್ನೇ ತನ್ನಿ.

ಗ್ರಾಫ್ ನಡುಗುವ ಕಾಟವೂ ಇತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುವಾಗ ಗೆರೆ ನೆಟ್ಟಗಾಯಿತು. ಕರೆಂಟ್ ಬಂದ ಮೇಲೆ ಚಾರ್ಜರ್ ಕಿತ್ತು ನೋಡಿದೆ, ಆಗಲೂ ನೆಟ್ಟಗೆ. ಅಂದರೆ ಮನೆ ಕರೆಂಟಿನ ಗದ್ದಲ ಚಾರ್ಜರ್ ಮೂಲಕ ಒಳಗೆ ಬರುತ್ತಿತ್ತು. ಇನ್‌ಪುಟ್‌ಗಳನ್ನು ಡಿಫರೆನ್ಷಿಯಲ್ ಆಗಿ (ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುವ ಹಾಗೆ) ಕಟ್ಟಿ, ಕರೆಂಟಿನ 50 ಹರ್ಟ್ಜಿನ ಒಂದು ಪೂರ್ತಿ ಸುತ್ತು, ಅಂದರೆ 20 ಮಿಲಿಸೆಕೆಂಡಿನ ಸರಾಸರಿ ತೆಗೆದ ಮೇಲೆ ಚಾರ್ಜರ್ ಇದ್ದರೂ ತೊಂದರೆಯಿಲ್ಲ.

12 ಬಿಟ್ ಸಾಕೇ ಎಂದು ಕೇಳುವವರಿಗೆ: ±10 ವೋಲ್ಟಿನಲ್ಲಿ ಒಂದು ಮೆಟ್ಟಿಲು, ಅಂದರೆ ಡಬ್ಬಿ ಗುರುತಿಸಬಲ್ಲ ಅತಿ ಸಣ್ಣ ಬದಲಾವಣೆ, 4.88 ಮಿಲಿವೋಲ್ಟ್. ನನ್ನ ಸೆನ್ಸರ್‌ಗೆ ಅದು 0.05 ಬಾರ್, ಧಾರಾಳ. ಹಾಗೆಂದು ನಿಖರತೆಯೂ ಅಷ್ಟೇ ಎಂದುಕೊಳ್ಳಬೇಡಿ, ದೋಷದ ಅಂಕಿ ಬೇರೆ ಪುಟದಲ್ಲಿರುತ್ತದೆ, ದೊಡ್ಡದೂ ಇರುತ್ತದೆ. ಬ್ಯಾಡಗಿಯ ಗೆಳೆಯರೊಬ್ಬರು ಮೆಣಸಿನಕಾಯಿ ಡ್ರೈಯರಿಗೆಂದು ಇದೇ ಡಬ್ಬಿ ತಂದು ಕೆ-ಟೈಪ್ ಥರ್ಮೋಕಪಲ್ಲನ್ನು (ಬಿಸಿಗೆ ತಕ್ಕಂತೆ ಪುಟ್ಟ ವೋಲ್ಟೇಜ್ ಕೊಡುವ ಸೆನ್ಸರ್) ನೇರವಾಗಿ ಕಟ್ಟಿದ್ದರು. ಅದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಒಂದು ಮೆಟ್ಟಿಲು ಹತ್ತಲು 119 ಡಿಗ್ರಿ ಬೇಕು! ಮೆಣಸಿನಕಾಯಿ ಸುಟ್ಟು ಕರಕಲಾದರೂ ಸ್ಕ್ರೀನ್ ಕದಲುತ್ತಿರಲಿಲ್ಲ. ಅದಕ್ಕೆ ಥರ್ಮೋಕಪಲ್ ಮಾಡ್ಯೂಲೇ ಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. 200 ಮಿಲಿಆಂಪ್ ಎಂಬ ಅಂಕಿ ಪುಸ್ತಕದ ಒಳಪುಟದ ಬದಲು ಟರ್ಮಿನಲ್ ಪಕ್ಕದಲ್ಲೇ ಅಚ್ಚಾಗಿದ್ದರೆ ಐದೂ ಕೊಡುತ್ತಿದ್ದೆ. ಡಯಲ್ ಗೇಜ್ ಇನ್ನೂ ಬೆಂಚಿನ ಮೇಲಿದೆ, ಅದನ್ನು ಬಿಚ್ಚಲು ಕಾಕಾ ಬಿಟ್ಟಿಲ್ಲ.